ಡೆಕ್ ಕಂಪನಿಯದು, ದನಿ ನಮ್ಮದು

ಹೊಸ ಗಾಡಿ ಕೊಂಡವರು ಒಂದು ಕಾಲಕ್ಕೆ ತಪ್ಪದೆ ಮಾಡಿಸುತ್ತಿದ್ದ ಕೆಲಸಗಳು ಎರಡು. ಒಂದು, ಗುಡಿಯ ಮುಂದೆ ನಿಲ್ಲಿಸಿ ಪೂಜೆ. ಇನ್ನೊಂದು, ಟೇಪ್ ಕೂರಿಸುವುದು. ಅಂಬಾಸಿಡರ್ ಆಗಲಿ, ಪ್ರೀಮಿಯರ್ ಪದ್ಮಿನಿಯಾಗಲಿ, 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಆಗಲಿ, ಸಾಮಾನ್ಯವಾಗಿ ಮೂಕವಾಗಿಯೇ ಶೋರೂಮಿನಿಂದ ಹೊರಬರುತ್ತಿದ್ದವು. ಅವುಗಳಿಗೆ ದನಿ ಕೊಡುತ್ತಿದ್ದವನು ಊರಿನ ಆಟೊ ಎಲೆಕ್ಟ್ರಿಷಿಯನ್. ಡ್ಯಾಶ್‌ಬೋರ್ಡಿನ ಕಿಂಡಿಯಲ್ಲಿ ಒಂದು ಡೆಕ್, ಹಿಂದಿನ ಸೀಟಿನ ಬೆನ್ನಿಗೆ ಹಲಗೆಯ ಮೇಲೆ ಎರಡು ಸ್ಪೀಕರ್, ಮಧ್ಯೆ ಕೆಂಪು-ಕಪ್ಪು ವೈರು. ಅಷ್ಟಾದರೆ ಗಾಡಿ ಹಾಡುತ್ತಿತ್ತು.

ಇಂದು ಯಾದಗಿರಿ, ಶಹಾಪುರ, ಸುರಪುರಗಳ ಕಡೆ ಓಡಾಡುವ ಹೊಸ ಕಾರುಗಳನ್ನು ನೋಡಿ. ಡೆಕ್ ಕಾರ್ಖಾನೆಯಲ್ಲೇ ಕೂತು ಬರುತ್ತದೆ. ಅದು ಈಗ ಬರಿಯ ಡೆಕ್ ಅಲ್ಲ, ಗಾಜಿನ ಪರದೆ. ಹಿಂದಕ್ಕೆ ಸರಿಯುವಾಗ ಕ್ಯಾಮೆರಾ ತೋರಿಸುವುದು ಅದೇ, ಫೋನ್ ಎತ್ತುವುದು ಅದೇ, ಕೆಲವು ಗಾಡಿಗಳಲ್ಲಿ ಎ.ಸಿ.ಯನ್ನು ಹಿಡಿತದಲ್ಲಿಡುವುದೂ ಅದೇ. ಅದನ್ನು ಕಿತ್ತು ಬೇರೆಯದನ್ನು ಕೂರಿಸುವುದು ಸುಲಭವಲ್ಲ. ಹಾಗಾಗಿ ಹಾಡಿನ ಹುಚ್ಚಿದ್ದವರು ಹೊಸದೊಂದು ದಾರಿ ಹಿಡಿದಿದ್ದಾರೆ. ಕಂಪನಿಯ ಡೆಕ್ಕನ್ನು ಹಾಗೇ ಬಿಟ್ಟು, ಬಾಗಿಲೊಳಗಿನ ಸ್ಪೀಕರ್‌ಗಳನ್ನು ಮಾತ್ರ ಬದಲಿಸುವುದು. ಇದು ಮೇಲ್ನೋಟಕ್ಕೆ ಶೋಕಿಯ ವಿಷಯ. ಆದರೆ ಇದರ ಹಿಂದೆ ಸುಮಾರು ಒಂಬತ್ತು ದಶಕಗಳ ಇತಿಹಾಸವಿದೆ. ಕೊಂಡ ವಸ್ತುವಿನ ಮೇಲೆ ಕೊಂಡವನಿಗೆ ಎಷ್ಟು ಹಕ್ಕು ಎಂಬ ಪ್ರಶ್ನೆಯೂ ಇದೆ.

ನಿಜಾಮರ ಕಾಲದ ದನಿ

ಈ ಮೂರೂ ಊರುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದಿಗೆ ಸೇರಿದ್ದವು. ಗುಲ್ಬರ್ಗ ಜಿಲ್ಲೆಯ ತಾಲ್ಲೂಕುಗಳಾಗಿದ್ದ ಇವು 2009-10ರಲ್ಲಿ ಯಾದಗಿರಿ ಜಿಲ್ಲೆಯಾಗಿ ಬೇರೆಯಾದವು. 1930ರ ದಶಕದಲ್ಲಿ ಹೈದರಾಬಾದಿನಿಂದ ಪ್ರಸಾರ ಆರಂಭಿಸಿದ ಡೆಕ್ಕನ್ ರೇಡಿಯೊ ನಿಜಾಮ್ ಸರ್ಕಾರದ ಸ್ವತ್ತು. ಉರ್ದುವಿನ ಜೊತೆಗೆ ತೆಲುಗು, ಮರಾಠಿ, ಕನ್ನಡ ಕಾರ್ಯಕ್ರಮಗಳೂ ಅಲ್ಲಿಂದ ಬರುತ್ತಿದ್ದವು. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಶರಣಾದ ಸಂಗತಿಯನ್ನು ಜನರಿಗೆ ಮುಟ್ಟಿಸಿದ್ದೂ ರೇಡಿಯೊ. 1950ರಲ್ಲಿ ಆ ನಿಲಯ ಆಕಾಶವಾಣಿಯ ವಶಕ್ಕೆ ಬಂತು. ಗುಲ್ಬರ್ಗಕ್ಕೆ ತನ್ನದೇ ಆಕಾಶವಾಣಿ ಕೇಂದ್ರ ಬಂದದ್ದು 1966ರಲ್ಲಿ.

ಆದರೆ ರೇಡಿಯೊ ಇಟ್ಟುಕೊಳ್ಳುವುದಕ್ಕೂ ಆಗ ಲೈಸೆನ್ಸ್ ಬೇಕಿತ್ತು. ಪೋಸ್ಟಾಫೀಸಿನಲ್ಲಿ ವರ್ಷ ವರ್ಷ ಶುಲ್ಕ ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಬೇಕಿತ್ತು. 1980ರ ದಶಕದ ಮಧ್ಯದಲ್ಲಿ ಈ ಲೈಸೆನ್ಸ್ ರದ್ದಾಯಿತು. ಹೀಗಾಗಿ ಹಳ್ಳಿಯ ಬಹುಪಾಲು ಜನರ ಪಾಲಿಗೆ ಗಾಡಿಯಿಂದ ಬರುವ ದನಿ ಎಂದರೆ ಸ್ವಂತ ರೇಡಿಯೊ ಆಗಿರಲಿಲ್ಲ. ಅದು ಟೂರಿಂಗ್ ಟಾಕೀಸಿನ ಪ್ರಚಾರಕ್ಕೆ ಬರುತ್ತಿದ್ದ ಟಾಂಗಾ ಅಥವಾ ಜೀಪಿನ ಮೈಕು. ಚುನಾವಣೆ ಬಂದಾಗ ಊರೂರು ತಿರುಗುತ್ತಿದ್ದ ಜೀಪಿನ ತಲೆಯ ಮೇಲಿನ ಕಹಳೆ. ಒಳಗೆ ಕೂತವನಿಗಾಗಿ ಅಲ್ಲ, ಹೊರಗೆ ನಿಂತವನಿಗಾಗಿ ಇದ್ದ ದನಿ ಅದು. ಈ ಭಾಗದಲ್ಲಿ ವಾಹನಕ್ಕೂ ಸದ್ದಿಗೂ ನಂಟು ಶುರುವಾದದ್ದೇ ಹೀಗೆ. ಇಂದಿಗೂ ಆ ಛಾಯೆ ಹೋಗಿಲ್ಲ ಎಂಬುದನ್ನು ಮುಂದೆ ನೋಡೋಣ.

ಮೋಟಾರು ಮತ್ತು ಹಾಡು

ಕಾರಿನೊಳಗೆ ರೇಡಿಯೊ ತೂರಿಸುವುದು ಮೊದಮೊದಲು ಸಾಹಸದ ಕೆಲಸವೇ ಆಗಿತ್ತು. ಅಂದಿನ ರೇಡಿಯೊಗಳು ವಾಲ್ವಿನವು. ವಾಲ್ವಿಗೆ ನೂರಾರು ವೋಲ್ಟ್ ಬೇಕು; ಕಾರಿನ ಬ್ಯಾಟರಿ ಕೊಡುತ್ತಿದ್ದದ್ದು ಆರು ವೋಲ್ಟ್. ಸಾಲದ್ದಕ್ಕೆ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದಾಗಲೆಲ್ಲ ರೇಡಿಯೊ ಗರಗರ ಎನ್ನುತ್ತಿತ್ತು. ಅಮೆರಿಕದ ಪಾಲ್ ಗ್ಯಾಲ್ವಿನ್ ಎಂಬಾತ 1930ರಲ್ಲಿ ಈ ತೊಡಕುಗಳನ್ನು ಒಂದು ಮಟ್ಟಿಗೆ ನಿವಾರಿಸಿದ ರೇಡಿಯೊವನ್ನು ತನ್ನ ಕಾರಿಗೇ ಜೋಡಿಸಿ, ಅಟ್ಲಾಂಟಿಕ್ ಸಿಟಿಯಲ್ಲಿ ನಡೆಯುತ್ತಿದ್ದ ರೇಡಿಯೊ ತಯಾರಕರ ಸಮ್ಮೇಳನಕ್ಕೆ ಕೊಂಡೊಯ್ದ. ಮೋಟಾರು ಎಂಬುದಕ್ಕೆ ಅಂದಿನ ಹಾಡುವ ಯಂತ್ರಗಳ ಹೆಸರಿನ ಕೊನೆಯಲ್ಲಿರುತ್ತಿದ್ದ 'ಓಲಾ' ಸೇರಿಸಿ ಅದಕ್ಕೆ ಮೊಟೊರೋಲಾ ಎಂದು ಹೆಸರಿಟ್ಟ. ಮುಂದೆ ಮೊಬೈಲ್ ಫೋನಿನಿಂದ ಜಗತ್ತಿಗೆ ಪರಿಚಿತವಾದ ಕಂಪನಿಯ ಹೆಸರು ಹುಟ್ಟಿದ್ದು ಕಾರಿನ ರೇಡಿಯೊದಿಂದ!

ಯೂರೋಪಿನಲ್ಲಿ 1932ರಲ್ಲಿ ಜರ್ಮನಿಯ ಬ್ಲಾಪುಂಕ್ಟ್ ಹೊರತಂದ ರೇಡಿಯೊ ಸುಮಾರು 15 ಕಿಲೊ ತೂಗುತ್ತಿತ್ತು. ಬೆಲೆ ಕಾರಿನ ಬೆಲೆಯ ಮೂರನೆಯ ಒಂದು ಪಾಲಿನಷ್ಟು. ಡ್ಯಾಶ್‌ಬೋರ್ಡಿನಲ್ಲಿ ಹಿಡಿಸದೆ, ಪೆಟ್ಟಿಗೆಯನ್ನು ಬೇರೆಲ್ಲೋ ಇಟ್ಟು ಸ್ಟಿಯರಿಂಗ್ ಬಳಿಯಿಂದ ನಡೆಸಬೇಕಿತ್ತು. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿ, 1955ರಲ್ಲಿ ಪೂರ್ಣ ಟ್ರಾನ್ಸಿಸ್ಟರಿನ ಕಾರ್ ರೇಡಿಯೊ ಅಮೆರಿಕದ ಕ್ರೈಸ್ಲರ್ ಕಾರುಗಳಿಗೆ ಬಂದ ಮೇಲೆ ಈ ಭಾರ ಇಳಿಯಿತು.

ಆದರೆ ರೇಡಿಯೊ ಹಾಕಿದ್ದನ್ನು ಕೇಳಬೇಕು. ಬೇಕಾದ ಹಾಡನ್ನು ಬೇಕಾದಾಗ ಕೇಳುವ ಸ್ವಾತಂತ್ರ್ಯ ತಂದದ್ದು ಕ್ಯಾಸೆಟ್. ಹಾಲೆಂಡಿನ ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ ಪ್ರದರ್ಶನದಲ್ಲಿ ಅದನ್ನು ಮುಂದಿಟ್ಟಿತು. ಅಂಗಿಯ ಜೇಬಿನಲ್ಲಿ ಹಿಡಿಸುವ ಆ ಡಬ್ಬಿ 1960ರ ದಶಕದ ಕೊನೆಯ ಹೊತ್ತಿಗೆ ಕಾರನ್ನೂ ಸೇರಿತು. ಗ್ರಾಮಫೋನ್ ತಟ್ಟೆ ಕುಲುಕಾಟ ತಡೆಯದು, ಕ್ಯಾಸೆಟ್ ತಡೆಯಿತು. ಹಳ್ಳ ದಿನ್ನೆಯ ರಸ್ತೆಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಇರಲಿಲ್ಲ.

ನೀರು ಬಂತು, ಟ್ರ್ಯಾಕ್ಟರ್ ಬಂತು, ಟೇಪ್ ಬಂತು

ಯಾದಗಿರಿ ಸೀಮೆಗೆ ಕ್ಯಾಸೆಟ್ ಬಂದ ಕಾಲಕ್ಕೇ ಇನ್ನೊಂದು ದೊಡ್ಡ ಬದಲಾವಣೆಯೂ ನಡೆಯುತ್ತಿತ್ತು. 1964ರಲ್ಲಿ ಅಡಿಗಲ್ಲು ಬಿದ್ದ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಅಣೆಕಟ್ಟು, ಅಂದರೆ ಬಸವಸಾಗರ, 1982ರಲ್ಲಿ ಮುಗಿಯಿತು. ಅದರ ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರ ಭಾಗದ ಹೊಲಗಳಿಗೆ ಹರಿಯತೊಡಗಿತು. ಜೋಳ, ತೊಗರಿಯ ನೆಲದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬಂತು. ಅದರ ಹಿಂದೆಯೇ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರಿನ ಹಿಂದೆ ಟೇಪ್ ಬಂತು.

ಇದೇ ದಶಕದಲ್ಲಿ ಕ್ಯಾಸೆಟ್ ಅಗ್ಗವಾಯಿತು. ದೊಡ್ಡ ಗ್ರಾಮಫೋನ್ ಕಂಪನಿಯ ಏಕಸ್ವಾಮ್ಯ ಮುರಿದು, ಸಣ್ಣಪುಟ್ಟ ಕಂಪನಿಗಳು ಭಜನೆ, ತತ್ವಪದ, ಗೀಗೀ ಪದ, ನಾಟಕದ ಹಾಡು, ಹಾಸ್ಯ ಎಲ್ಲವನ್ನೂ ಕ್ಯಾಸೆಟ್ಟಿಗೆ ಇಳಿಸಿದವು. ಬೆಂಗಳೂರು, ಮದರಾಸುಗಳ ಸ್ಟುಡಿಯೊ ತಲುಪಲಾಗದ ಉತ್ತರ ಕರ್ನಾಟಕದ ದನಿಗಳು ಜಾತ್ರೆಯ ಅಂಗಡಿಯಲ್ಲಿ ಮಾರಾಟಕ್ಕೆ ಬಂದವು. ಮೈಲಾಪುರದ ಮೈಲಾರಲಿಂಗನ ಜಾತ್ರೆಗೋ ತಿಂಥಣಿ ಮೌನೇಶ್ವರನ ಜಾತ್ರೆಗೋ ಹೋದವರು ಬೆಂಡು ಬತ್ತಾಸಿನ ಜೊತೆಗೆ ಕ್ಯಾಸೆಟ್ಟನ್ನೂ ಕೊಳ್ಳುವ ಕಾಲ ಅದು. ಆ ಕ್ಯಾಸೆಟ್ ಮನೆಯ ಟೇಪಿನಲ್ಲಿ ಎಷ್ಟು ತಿರುಗಿತೋ, ಜೀಪಿನಲ್ಲಿ, ಟೆಂಪೊದಲ್ಲಿ, ಮುಂದೆ ಕ್ರೂಸರಿನಲ್ಲಿ, ಟಂಟಂನಲ್ಲಿ ಅಷ್ಟೇ ತಿರುಗಿತು. ಗುಳೆ ಹೊರಟವರ ಗಾಡಿಯಲ್ಲೂ ಅದೇ ಹಾಡು ಜೊತೆಗಿತ್ತು.

ಈ ಹಾಡಿನ ವ್ಯಾಪಾರಕ್ಕೆ ಅನುಕೂಲವಾದ ಒಂದು ಸಣ್ಣ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಅದು ಡ್ಯಾಶ್‌ಬೋರ್ಡಿನ ಕಿಂಡಿಯ ಅಳತೆ. ಅಗಲ 180 ಮಿಲಿಮೀಟರ್, ಎತ್ತರ 50 ಮಿಲಿಮೀಟರ್. ಜರ್ಮನಿಯ ಮಾನಕ ಸಂಸ್ಥೆ ಗೊತ್ತುಮಾಡಿದ ಈ ಅಳತೆ ಮುಂದೆ ಅಂತರರಾಷ್ಟ್ರೀಯ ಮಾನಕವೂ ಆಯಿತು. ಅದಕ್ಕೇ ಅದನ್ನು ಇಂದಿಗೂ ಡಿನ್ ಎನ್ನುತ್ತಾರೆ. ಎತ್ತರ ಇಮ್ಮಡಿಯಾದರೆ ಡಬಲ್ ಡಿನ್. ಕಾರು ಯಾರದೇ ಇರಲಿ, ಡೆಕ್ ಯಾರದೇ ಇರಲಿ, ಎರಡೂ ಕೂಡುತ್ತಿದ್ದವು. ಪಯೋನಿಯರ್, ಸೋನಿ, ಕೆನ್‌ವುಡ್ ಕೊಳ್ಳಲಾಗದವನು ಹೆಸರಿಲ್ಲದ ಡೆಕ್ ಕೊಂಡರೂ ಅದು ಅದೇ ಕಿಂಡಿಯಲ್ಲಿ ಕೂರುತ್ತಿತ್ತು. ಡಿಪ್ಲೊಮಾ, ಐ.ಟಿ.ಐ. ಮೆಟ್ಟಿಲು ಹತ್ತದ ಹುಡುಗನೂ ಗುರುವಿನ ಕೈಕೆಳಗೆ ಎರಡು ವರ್ಷ ಇದ್ದು ಈ ಕಸುಬು ಕಲಿಯಬಹುದಿತ್ತು. ಒಂದು ಅಳತೆ ಎಲ್ಲರಿಗೂ ಗೊತ್ತಿದ್ದರೆ ಎಷ್ಟು ಜನರಿಗೆ ಅನ್ನ ಸಿಗುತ್ತದೆ ಎಂಬುದಕ್ಕೆ ಈ ಕಿಂಡಿ ಉದಾಹರಣೆ.

ಕಿಂಡಿ ಮುಚ್ಚಿತು

ಆ ಕಿಂಡಿ ಮುಚ್ಚಿದ್ದು ಒಂದೇ ದಿನದಲ್ಲಲ್ಲ. 1983ರ ಮಾದರಿಯ ಕೆಲವು ಅಮೆರಿಕನ್ ಕಾರುಗಳಿಗೆ ಬೋಸ್ ಕಂಪನಿ ಜನರಲ್ ಮೋಟಾರ್ಸ್ ಜೊತೆಗೂಡಿ ಧ್ವನಿ ವ್ಯವಸ್ಥೆ ಮಾಡಿತು. ಸ್ಪೀಕರ್, ಆಂಪ್ಲಿಫೈಯರ್ ಎಲ್ಲವನ್ನೂ ಆಯಾ ಕಾರಿನ ಒಳಗಿನ ಆಕಾರ, ಸೀಟಿನ ಬಟ್ಟೆ, ಗಾಜುಗಳಿಗೆ ತಕ್ಕಂತೆ ಕಾರ್ಖಾನೆಯಲ್ಲೇ ಹೊಂದಿಸುವ ಪದ್ಧತಿ ಅಲ್ಲಿಂದ ಬೆಳೆಯಿತು. 1986ರಲ್ಲಿ ಬಾಷ್ ಕಂಪನಿ ಕ್ಯಾನ್ ಎಂಬ ಜಾಲವನ್ನು ಪ್ರಕಟಿಸಿತು. ಎಂಜಿನ್, ಬ್ರೇಕ್, ದೀಪ, ಬಾಗಿಲುಗಳ ಪುಟ್ಟ ಕಂಪ್ಯೂಟರುಗಳು ಎರಡೇ ತಂತಿಯ ಮೇಲೆ ಪರಸ್ಪರ ಮಾತಾಡಿಕೊಳ್ಳುವ ವ್ಯವಸ್ಥೆ ಅದು. ಕಾಲಕ್ರಮದಲ್ಲಿ ಡೆಕ್ ಕೂಡ ಆ ಮಾತುಕತೆಯಲ್ಲಿ ಸೇರಿಕೊಂಡಿತು. ಸ್ಟಿಯರಿಂಗ್ ಮೇಲಿನ ಗುಂಡಿ, ಹಿಂಬದಿಯ ಕ್ಯಾಮೆರಾ, ಕೆಲವು ಕಾರುಗಳಲ್ಲಿ ಎಚ್ಚರಿಕೆಯ ಬೀಪ್ ಸದ್ದು ಕೂಡ ಅದರ ಮೂಲಕವೇ. ಇಂಥ ಡೆಕ್ಕನ್ನು ಕಿತ್ತರೆ ಹಾಡು ಮಾತ್ರವಲ್ಲ, ಇನ್ನಷ್ಟು ಸೌಲಭ್ಯಗಳೂ ಅದರ ಜೊತೆ ಹೋಗಬಹುದು.

ವ್ಯಾಪಾರದ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದಕ್ಕೆ ಇನ್ನೊಂದು ಸಾಕ್ಷಿ. ಬೆಂಗಳೂರಿನ ಹಳಬರಿಗೆ ಮೈಕೊ ಎಂದೇ ಪರಿಚಿತವಾದ ಕಂಪನಿ ಬಾಷ್‌ನದು. 2008ರಲ್ಲಿ ಅದರ ಹೆಸರೂ ಬಾಷ್ ಎಂದಾಯಿತು. 1933ರಿಂದ ಬ್ಲಾಪುಂಕ್ಟ್ ಕೂಡ ಇದೇ ಬಾಷ್‌ನ ಒಡೆತನದಲ್ಲಿತ್ತು. 2008ರ ಕೊನೆಯಲ್ಲಿ ಬಾಷ್ ಒಂದು ತೀರ್ಮಾನ ಮಾಡಿತು. ಅಂಗಡಿಯಲ್ಲಿ ಗ್ರಾಹಕನಿಗೆ ಡೆಕ್, ಸ್ಪೀಕರ್ ಮಾರುವ ಬ್ಲಾಪುಂಕ್ಟ್ ವ್ಯವಹಾರವನ್ನು ಬೇರೆಯವರಿಗೆ ಮಾರಿತು. ಕಾರು ಕಂಪನಿಗಳಿಗೇ ನೇರವಾಗಿ ಡೆಕ್ ಪೂರೈಸುವ ವ್ಯವಹಾರವನ್ನು ಇಟ್ಟುಕೊಂಡಿತು. ಕಾರು ಕೊಳ್ಳುವವನಿಗೆ ಮಾರುವುದಕ್ಕಿಂತ ಕಾರು ಕಟ್ಟುವವನಿಗೆ ಮಾರುವುದೇ ಮುಂದಿನ ದಾರಿ ಎಂದು ಈ ಕಸುಬಿನ ಹಿರಿಯ ಕಂಪನಿಯೊಂದು ಲೆಕ್ಕ ಹಾಕಿತ್ತು. ಆ ಲೆಕ್ಕ ತಪ್ಪಲಿಲ್ಲ.

ಉಳಿದದ್ದು ಸ್ಪೀಕರ್

ಡೆಕ್ ಕೈತಪ್ಪಿದರೂ ಒಂದು ಭಾಗ ಮಾತ್ರ ಹೆಚ್ಚುಕಡಿಮೆ ಹಿಂದಿನಂತೆಯೇ ಉಳಿದಿದೆ. ಅದು ಸ್ಪೀಕರ್. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು 1925ರ ಸುಮಾರಿಗೆ ರೂಪಿಸಿದ ತತ್ವವೇ ಇಂದಿಗೂ ನಡೆಯುತ್ತಿದೆ. ಒಂದು ಆಯಸ್ಕಾಂತ, ಅದರ ಸಂದಿಯಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿದ ಶಂಕುವಿನಾಕಾರದ ಹಾಳೆ. ಸುರುಳಿಯಲ್ಲಿ ವಿದ್ಯುತ್ ಹೋಗಿ ಬಂದಂತೆ ಹಾಳೆ ಮುಂದೆ ಹಿಂದೆ ಆಡಿ ಗಾಳಿಯನ್ನು ತಳ್ಳುತ್ತದೆ. ಅದೇ ದನಿ. ಇದಕ್ಕೆ ಸಂಕೇತಭಾಷೆ ಬೇಡ, ಗುಪ್ತ ಸಂಖ್ಯೆ ಬೇಡ. ಎರಡು ತಂತಿ ಸಾಕು.

ಕಾರು ಕಂಪನಿಗಳು ಉಳಿತಾಯ ಮಾಡುವುದೂ ಹೆಚ್ಚಾಗಿ ಇಲ್ಲೇ. ಗ್ರಾಹಕನ ಕಣ್ಣು ಪರದೆಯ ಮೇಲೆ ಬೀಳುತ್ತದೆ. ಬಾಗಿಲೊಳಗಿನ ಸ್ಪೀಕರ್ ಯಾರಿಗೂ ಕಾಣದು. ಆದ್ದರಿಂದ ಅಗ್ಗದ ಕಾರುಗಳಲ್ಲಿ ಪುಟ್ಟ ಆಯಸ್ಕಾಂತದ, ತೆಳು ಕಾಗದದ ಹಾಳೆಯ ಸ್ಪೀಕರ್ ಸಾಮಾನ್ಯ. ಅದನ್ನೊಂದು ಬದಲಿಸಿದರೆ ಡೆಕ್ ಅದೇ ಇದ್ದರೂ ಹಾಡು ಬೇರೆಯೇ ಆಗಿ ಕೇಳುತ್ತದೆ. ತಬಲದ ಎಡದ ಗುಮುಕು ಬೇರೆ, ತಾಳದ ಕಿಣಿಕಿಣಿ ಬೇರೆ ಎಂದು ಕಿವಿಗೆ ಗೊತ್ತಾಗುತ್ತದೆ.

ಇಲ್ಲಿ ಓದುಗರು ಒಂದು ಲೆಕ್ಕ ತಿಳಿದಿರುವುದು ಒಳ್ಳೆಯದು. ಡೆಕ್ಕಿನ ಡಬ್ಬಿಯ ಮೇಲೆ '50 ವ್ಯಾಟ್ x 4' ಎಂದು ಬರೆದಿರುವುದುಂಟು. ಎಂಜಿನ್ ನಡೆಯುತ್ತಿರುವಾಗ ಕಾರಿನಲ್ಲಿ ಸಿಗುವುದು ಸುಮಾರು 14.4 ವೋಲ್ಟ್. ಸಾಮಾನ್ಯ ಕಾರ್ ಸ್ಪೀಕರಿನ ಪ್ರತಿರೋಧ 4 ಓಮ್. 14.4ನ್ನು 14.4ರಿಂದ ಗುಣಿಸಿ 4ರಿಂದ ಭಾಗಿಸಿದರೆ ಸುಮಾರು 52 ಬರುತ್ತದೆ. ಡಬ್ಬಿಯ ಮೇಲಿನ 50 ಬಂದದ್ದು ಇಂಥ ಲೆಕ್ಕದಿಂದ. ಆದರೆ ಅಷ್ಟು ಶಕ್ತಿ ಹೊರಟಾಗ ದನಿ ದನಿಯಾಗಿರುವುದಿಲ್ಲ, ಒಡೆದ ಗದ್ದಲವಾಗಿರುತ್ತದೆ. ಶುದ್ಧವಾದ ಅಲೆಗೆ ಇದರ ಅರ್ಧ ಮಾತ್ರ ಸಾಧ್ಯ. ನಷ್ಟ ಕಳೆದು ಕೈಗೆ ಸಿಗುವುದು ಹದಿನೈದರಿಂದ ಇಪ್ಪತ್ತು ವ್ಯಾಟ್. ಹೀಗಿರುವಾಗ '300 ವ್ಯಾಟ್' ಎಂದು ಬರೆದ ಸ್ಪೀಕರ್ ಕೊಂಡು ತಂದರೆ ಪ್ರಯೋಜನವೇನು? ಒಂಟೆತ್ತಿಗೆ ಜೋಡೆತ್ತಿನ ಬಂಡಿ ಕಟ್ಟಿದಂತೆ.

ನೋಡಬೇಕಾದ ಸಂಖ್ಯೆ ಬೇರೆ. ಅದರ ಹೆಸರು ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಎಂಬ ಅಳತೆ. ಮೂರು ಡೆಸಿಬೆಲ್ ಹೆಚ್ಚು ಎಂದರೆ ಎರಡು ಪಟ್ಟು ಶಕ್ತಿ ಕೊಟ್ಟಂತೆ. 88 ಡೆಸಿಬೆಲಿನ ಸ್ಪೀಕರಿಗೆ 20 ವ್ಯಾಟ್ ಕೊಟ್ಟು ಪಡೆಯುವ ಸದ್ದನ್ನು 91ರ ಸ್ಪೀಕರ್ 10 ವ್ಯಾಟಿನಲ್ಲೇ ಕೊಡುತ್ತದೆ. ಕಂಪನಿಯ ಡೆಕ್ ಉಳಿಸಿಕೊಳ್ಳುವವನಿಗೆ ಬೇಕಾದ್ದು ಕಡಿಮೆ ತಿಂದು ಹೆಚ್ಚು ದುಡಿಯುವ ಸ್ಪೀಕರ್. ಪ್ರತಿರೋಧವೂ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ಇದ್ದರೆ ಡೆಕ್ ಕಾದು ಕೆಡುವ ಅಪಾಯವಿದೆ.

ಬಾಗಿಲೇ ಪೆಟ್ಟಿಗೆ

ಸ್ಪೀಕರಿನ ಹಾಳೆ ಮುಂದಕ್ಕೆ ಗಾಳಿ ತಳ್ಳಿದಾಗ ಹಿಂದಿನಿಂದ ಎಳೆಯುತ್ತದೆ. ಈ ಎರಡು ಅಲೆಗಳು ಸಂಧಿಸಿದರೆ ಒಂದನ್ನೊಂದು ನುಂಗಿಬಿಡುತ್ತವೆ. ಮೊದಲು ಸಾಯುವುದು ಮಂದ್ರ ಸ್ವರ. ಮನೆಯ ಸ್ಪೀಕರಿಗೆ ಮರದ ಪೆಟ್ಟಿಗೆ ಇರುವುದು ಈ ಕಾರಣಕ್ಕೆ. ಕಾರಿನಲ್ಲಿ ಬಾಗಿಲೇ ಪೆಟ್ಟಿಗೆ. ಆದರೆ ಬಾಗಿಲೊಳಗಿನ ತಗಡಿನಲ್ಲಿ ದೊಡ್ಡ ದೊಡ್ಡ ತೂತುಗಳಿರುತ್ತವೆ, ತಗಡು ತಾನೂ ನಡುಗುತ್ತದೆ. ಅನುಭವಿ ಮೆಕ್ಯಾನಿಕ್ ಸ್ಪೀಕರ್ ಬದಲಿಸುವ ಮುನ್ನ ಆ ತೂತುಗಳನ್ನು ಮುಚ್ಚಿ, ತಗಡಿಗೆ ಅಂಟಿನ ದಪ್ಪ ಹಾಳೆ ಹಾಕುತ್ತಾನೆ. ಬಾಗಿಲಿನ ತಳದಲ್ಲಿ ಮಳೆನೀರು ಹೋಗಲು ಬಿಟ್ಟ ತೂತುಗಳನ್ನು ಮಾತ್ರ ಮುಟ್ಟುವುದಿಲ್ಲ. ಅವನ್ನು ಮುಚ್ಚಿದರೆ ಬಾಗಿಲು ಒಳಗಿಂದ ತುಕ್ಕು ಹಿಡಿಯುತ್ತದೆ.

ಇನ್ನೊಂದು ಹಳೆಯ ಉಪಾಯ ಇಂದಿಗೂ ಉಪಯುಕ್ತ. ಸ್ಪೀಕರಿನ ಎರಡು ತುದಿಗಳಲ್ಲಿ ಯಾವುದು ಕೂಡು, ಯಾವುದು ಕಳೆ ಎಂದು ತಿಳಿಯದಿದ್ದರೆ ಟಾರ್ಚಿನ ಒಂದೂವರೆ ವೋಲ್ಟಿನ ಸೆಲ್ಲನ್ನು ಕ್ಷಣಕಾಲ ಮುಟ್ಟಿಸುವುದು. ಹಾಳೆ ಹೊರಕ್ಕೆ ಚಿಮ್ಮಿದರೆ ಸೆಲ್ಲಿನ ಕೂಡು ತುದಿ ಮುಟ್ಟಿದ್ದೇ ಸ್ಪೀಕರಿನ ಕೂಡು. ಎರಡು ಬದಿಯ ಸ್ಪೀಕರುಗಳಲ್ಲಿ ಒಂದು ಉಲ್ಟಾ ಆದರೂ ಒಂದು ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆದು, ಹಾಡು ಟೊಳ್ಳಾಗುತ್ತದೆ. ಸ್ಪೀಕರ್ ಚೆನ್ನಾಗಿಲ್ಲ ಎಂದು ಅಂಗಡಿಗೆ ಹಿಂತಿರುಗಿಸುವ ಮುನ್ನ ಇದನ್ನು ನೋಡುವುದು ವಾಸಿ.

ನಮ್ಮ ಸೀಮೆಯ ಬಿಸಿಲಿಗೂ ಇಲ್ಲಿ ಪಾತ್ರವಿದೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಯಾದಗಿರಿಯಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಒಳಗು ಹೊರಗಿಗಿಂತ ಬಹಳ ಹೆಚ್ಚು ಕಾಯುತ್ತದೆ. ಹಿಂದೆ ಡ್ಯಾಶ್‌ಬೋರ್ಡಿನ ಮೇಲೆ ಮರೆತ ಕ್ಯಾಸೆಟ್ಟುಗಳು ಸೊಟ್ಟಗಾಗುತ್ತಿದ್ದುದು ಇದರಿಂದಲೇ. ಸ್ಪೀಕರ್ ಹಾಳೆಯ ಅಂಚಿಗೆ ಫೋಮ್ ಇದ್ದರೆ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಪುಡಿಯಾಗುತ್ತದೆ. ರಬ್ಬರ್ ಅಂಚು ಹೆಚ್ಚು ಬಾಳುತ್ತದೆ. ಕಾಗದಕ್ಕಿಂತ ಪಾಲಿಪ್ರೊಪಿಲೀನ್ ಹಾಳೆ ತೇವಕ್ಕೆ ಜಗ್ಗದು.

ಕಂಪನಿಯ ಡೆಕ್ ಸುಮ್ಮನೆ ಕೂತಿರುವುದಿಲ್ಲ ಎಂಬುದೂ ಗಮನದಲ್ಲಿರಲಿ. ಕೆಲವು ಡೆಕ್ಕುಗಳು ಸದ್ದು ಏರಿಸಿದಂತೆ ಮಂದ್ರವನ್ನು ತಾವೇ ತಗ್ಗಿಸುತ್ತವೆ, ತಮ್ಮ ಬಡ ಸ್ಪೀಕರ್ ಹರಿಯದಿರಲೆಂದು. ಒಳ್ಳೆಯ ಸ್ಪೀಕರ್ ಹಾಕಿದರೂ ಡೆಕ್ಕಿಗೆ ಅದು ತಿಳಿಯದು. ಆಗ ಡೆಕ್ಕಿನ ಸ್ಪೀಕರ್ ತಂತಿಯಿಂದಲೇ ಸಂಕೇತ ಪಡೆಯುವ ಪುಟ್ಟ ಆಂಪ್ಲಿಫೈಯರನ್ನು ಸೀಟಿನಡಿ ಇಡುವುದುಂಟು. ಅದಕ್ಕೆ ಕರೆಂಟು ಬ್ಯಾಟರಿಯಿಂದ ನೇರವಾಗಿ ಬರಬೇಕು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ಫ್ಯೂಸಿಲ್ಲದ ದಪ್ಪ ವೈರು ತಗಡಿಗೆ ಉಜ್ಜಿ ಸುಲಿದರೆ ಬೆಂಕಿಗೆ ಹೊತ್ತು ಬೇಡ. ಹಳದಿ ಸಾಕೆಟ್ಟಿನ ತಂತಿಗಳನ್ನಂತೂ ಮುಟ್ಟಲೇಬಾರದು. ಅವು ಸಾಮಾನ್ಯವಾಗಿ ಏರ್‌ಬ್ಯಾಗಿನವು.

ಕೊಂಡವನ ಹಕ್ಕು

ಈಗ ಮುಖ್ಯ ಪ್ರಶ್ನೆಗೆ ಬರೋಣ. ಸ್ಪೀಕರ್ ಬದಲಿಸಿದರೆ ವಾರಂಟಿ ಹೋಗುತ್ತದೆಯೇ? ಗ್ರಾಹಕ ಹೆದರುವುದು ಇದಕ್ಕೇ. ಅದಕ್ಕೇ ಇಂದಿನ ರೂಢಿ ವೈರು ಕತ್ತರಿಸುವುದಲ್ಲ. ಕಂಪನಿಯ ಸಾಕೆಟ್ಟಿಗೆ ಹೊಂದುವ ಜೋಡಣೆ ತಂದು ಸಿಕ್ಕಿಸುವುದು, ಹಳೆಯ ಸ್ಪೀಕರುಗಳನ್ನು ಮನೆಯಲ್ಲಿ ಜೋಪಾನವಾಗಿಡುವುದು. ಗಾಡಿ ಮಾರುವಾಗ ಮೊದಲಿನಂತೆ ಮಾಡಿ ಕೊಡಬಹುದು.

2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದೇ ಆರೋಪ. ಹೊರಗೆ ದುರಸ್ತಿ ಮಾಡಿಸಿದ ಮಾತ್ರಕ್ಕೆ ವಾರಂಟಿಯನ್ನು ಸಾರಾಸಗಟಾಗಿ ರದ್ದು ಮಾಡುವಂತಿಲ್ಲ, ಹೊರಗಿನ ತಪ್ಪು ಕೆಲಸದಿಂದ ಏನು ಕೆಟ್ಟಿತೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂಬುದು ಆಯೋಗದ ನಿಲುವು. ಕಂಪನಿಗಳು ಆದೇಶವನ್ನು ಪ್ರಶ್ನಿಸಿ ಮೇಲಿನ ಕಟ್ಟೆಗಳನ್ನು ಹತ್ತಿದವು. 2022ರ ಜುಲೈನಲ್ಲಿ ಕೇಂದ್ರ ಸರ್ಕಾರ 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿತು. ಮೊಬೈಲ್, ಗೃಹೋಪಯೋಗಿ ವಸ್ತು, ಕೃಷಿ ಯಂತ್ರಗಳ ಜೊತೆ ವಾಹನಗಳನ್ನೂ ಅದರ ವ್ಯಾಪ್ತಿಗೆ ತರಲಾಯಿತು.

ದೆಹಲಿಯ ಈ ಕಡತಗಳಿಗೂ ಸುರಪುರದ ಮೆಕ್ಯಾನಿಕ್ಕಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ನೇರವಾಗಿದೆ. ಕಾರಿನ ಒಂದೊಂದು ಭಾಗಕ್ಕೂ ಬೀಗ ಬಿದ್ದಂತೆ ಸಣ್ಣ ಊರಿನ ಕಸುಬುದಾರನ ಕೈಯಿಂದ ಒಂದೊಂದು ಕೆಲಸ ಜಾರುತ್ತದೆ. ಆ ಕೆಲಸ ದೊಡ್ಡ ಊರಿನ ಸರ್ವಿಸ್ ಸೆಂಟರಿಗೆ ಸೇರುತ್ತದೆ. ಗಾಡಿಯ ಮಾಲೀಕ ಒಂದು ದಿನದ ದುಡಿಮೆ ಬಿಟ್ಟು ಅಲ್ಲಿಗೆ ಹೋಗಬೇಕು. ಸ್ಪೀಕರ್ ಎಂಬುದು ಇನ್ನೂ ಊರಿನವನ ಕೈಯಲ್ಲಿ ಉಳಿದಿರುವ ಕೆಲವೇ ಕೆಲಸಗಳಲ್ಲಿ ಒಂದು.

ಹಕ್ಕಿಗೊಂದು ಎಲ್ಲೆ

ಹಕ್ಕಿನ ಮಾತಾಡಿದ ಮೇಲೆ ಎಲ್ಲೆಯ ಮಾತನ್ನೂ ಆಡಬೇಕು. ಟ್ರ್ಯಾಕ್ಟರಿಗೆ ಬಾಗಿಲಿಲ್ಲ, ಗಾಜಿಲ್ಲ. ಎಂಜಿನ್ನಿನ ಗುಡುಗನ್ನು ಮೀರಿ ಹಾಡು ಕೇಳಬೇಕೆಂದರೆ ಸದ್ದು ಜೋರಾಗಲೇಬೇಕು. ಹೊಲ ಉಳುವವನ ಒಂಟಿತನಕ್ಕೆ ಅದು ಜೊತೆ, ಒಪ್ಪೋಣ. ಆದರೆ ಮಡ್‌ಗಾರ್ಡಿನ ಮೇಲೆ ಪೆಟ್ಟಿಗೆ ಪೇರಿಸಿ, ಜಾತ್ರೆ-ಮದುವೆಯ ಮೆರವಣಿಗೆಯಲ್ಲಿ ಓಣಿ ನಡುಗಿಸುವ ಗಾಡಿಗಳನ್ನು ಉತ್ತರ ಕರ್ನಾಟಕದ ಯಾವ ಊರಿನವರೂ ನೋಡಿಲ್ಲವೆನ್ನಲಾರರು. ಮೈಕಿನ ಜೀಪಿನ ಕಾಲದ, ಹೊರಗಿನವರಿಗಾಗಿ ಹಾಡುವ ಅಭ್ಯಾಸ ಇಲ್ಲಿ ಹೊಸ ರೂಪದಲ್ಲಿ ಬಂದು ನಿಂತಿದೆ.

2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ನಿಷಿದ್ಧ; ಹಬ್ಬಹರಿದಿನಗಳಿಗೆ ವರ್ಷದಲ್ಲಿ ಕೆಲವೇ ದಿನ ಮಧ್ಯರಾತ್ರಿಯವರೆಗೆ ರಿಯಾಯಿತಿ ನೀಡಲು ರಾಜ್ಯ ಸರ್ಕಾರಕ್ಕೆ ಅವಕಾಶವಿದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. 2005ರಲ್ಲಿ ಸುಪ್ರೀಂ ಕೋರ್ಟ್ ಶಬ್ದಮಾಲಿನ್ಯದ ಬಗ್ಗೆ ನೀಡಿದ ತೀರ್ಪು, ಕೇಳಲು ಇಷ್ಟವಿಲ್ಲದವನ ಕಿವಿಗೆ ಬಲವಂತವಾಗಿ ಸದ್ದು ತುರುಕುವ ಹಕ್ಕು ಯಾರಿಗೂ ಇಲ್ಲ ಎಂಬುದನ್ನು ಸ್ಪಷ್ಟಪಡಿಸಿದೆ.

ಗಾಡಿ ನಡೆಸುವವನ ಕಿವಿಯ ವಿಚಾರ ಇನ್ನೂ ಗಂಭೀರ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ ಮೂರು ಡೆಸಿಬೆಲ್ ಏರಿದಾಗ ಆ ಅವಧಿ ಅರ್ಧವಾಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ದಿನಕ್ಕೆ ಹತ್ತು ಗಂಟೆ ಕ್ರೂಸರ್ ಅಥವಾ ಟಂಟಂ ಓಡಿಸುವವನು ಜೋರು ಸದ್ದಿನಲ್ಲಿ ವಾರದ ಪಾಲನ್ನು ಒಂದೇ ದಿನದಲ್ಲಿ ಮುಗಿಸಿಬಿಡುತ್ತಾನೆ. ಕಿವಿ ಮಂದವಾಗುವುದು ನೋವಿಲ್ಲದೆ, ಗೊತ್ತಿಲ್ಲದೆ. ಮಂದವಾದವನು ಸದ್ದನ್ನು ಇನ್ನಷ್ಟು ಏರಿಸುತ್ತಾನೆ. ಹಾರ್ನ್ ಕೇಳದೆ ಅಪಘಾತವಾದರೆ ಅದರ ಫಲ ಉಣ್ಣುವವರು ಹಿಂದೆ ಕೂತ ಪ್ರಯಾಣಿಕರೂ ಹೌದು.

ಒಳ್ಳೆಯ ಸ್ಪೀಕರಿನ ನಿಜವಾದ ಲಾಭ ಇರುವುದು ಇಲ್ಲೇ. ಕಳಪೆ ಸ್ಪೀಕರಿನಲ್ಲಿ ಹಾಡಿನ ಮಾತು ತಿಳಿಯದೆ ನಾವು ಸದ್ದು ಹೆಚ್ಚಿಸುತ್ತೇವೆ. ದನಿ ತಿಳಿಯಾಗಿದ್ದರೆ ಹೆಚ್ಚಿಸುವ ಅಗತ್ಯವೇ ಬೀಳುವುದಿಲ್ಲ. ಬಾಗಿಲು ಬಿಗಿಯಾಗಿದ್ದರೆ ಹಾಡು ಬೀದಿಗೆ ಸೋರುವುದೂ ಕಡಿಮೆ. ತತ್ವಪದದ ಒಂದೊಂದು ನುಡಿಯೂ ಬಿಡಿಬಿಡಿಯಾಗಿ, ಮೆಲುದನಿಯಲ್ಲಿ, ಗಾಡಿಯೊಳಗಿನವರಿಗಷ್ಟೇ ಕೇಳುವಂತೆ ಮಾಡಬಲ್ಲ ಕೈಗಳು ನಮ್ಮ ಊರುಗಳಲ್ಲೇ ಇವೆ. ಆ ಕೈಗಳಿಗೆ ಕೆಲಸ ಉಳಿಯಬೇಕಾದರೆ ಎರಡು ಆಗಬೇಕು. ಕಂಪನಿಗಳು ಬಾಗಿಲಿಗೂ ಬೀಗ ಹಾಕದಂತೆ ಕಾನೂನು ನೋಡಿಕೊಳ್ಳಬೇಕು. ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ ಗಿರಾಕಿ 'ಎಷ್ಟು ಜೋರು ಬರುತ್ತದೆ' ಎಂದು ಕೇಳುವ ಬದಲು 'ಎಷ್ಟು ಚೆಂದ ಕೇಳುತ್ತದೆ' ಎಂದು ಕೇಳಲು ಕಲಿಯಬೇಕು.